ಮೆಜೆಸ್ಟಿಕ್ ಯಾನೆ ಕೆಂಪೇಗೌಡ ಬಸ್ ನಿಲ್ದಾಣ

ಬೆಂಗಳೂರಿನ ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಬಸ್ಸು ಹತ್ತಿದವರು ನಿರ್ವಾಹಕರಿಗೆ 'ಒಂದು ಮೆಜೆಸ್ಟಿಕ್' ಎನ್ನುತ್ತಾರೆ. ಆ ನಿಲ್ದಾಣಕ್ಕೆ ಸರ್ಕಾರ ಇಟ್ಟ ಹೆಸರು ಕೆಂಪೇಗೌಡ ಬಸ್ ನಿಲ್ದಾಣ. ಬಾಯಲ್ಲಿ ಒಂದು ಹೆಸರು, ಫಲಕದಲ್ಲಿ ಇನ್ನೊಂದು. ಆದರೂ ಯಾರೂ ದಾರಿ ತಪ್ಪುವುದಿಲ್ಲ. ಮೆಜೆಸ್ಟಿಕ್ ಎಂಬುದು ಆ ಆಸುಪಾಸಿನಲ್ಲಿದ್ದ ಒಂದು ಚಿತ್ರಮಂದಿರದ ಹೆಸರು. ಚಿತ್ರಮಂದಿರ ಹೋಯಿತು, ಹೆಸರು ಇಡೀ ಪ್ರದೇಶಕ್ಕೆ ಅಂಟಿಕೊಂಡಿತು. ಬಸ್ಸುಗಳು ನಿಲ್ಲುವ ನೆಲವಂತೂ ಧರ್ಮಾಂಬುಧಿ ಕೆರೆಯ ಅಂಗಳ. ಆ ಹೆಸರನ್ನು ಈಗ ಹಳಬರಷ್ಟೇ ನೆನೆಯುತ್ತಾರೆ. ರಸ್ತೆ ದಾಟಿದರೆ ಬೆಂಗಳೂರು ಸಿಟಿ ರೈಲು ನಿಲ್ದಾಣವಿತ್ತು. ಅದು ಈಗ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣವಾಗಿದೆ. ನೆಲದಡಿಯಲ್ಲಿ ಮೆಟ್ರೊದ ನೇರಳೆ ಮಾರ್ಗ 2016ರಲ್ಲಿ, ಹಸಿರು ಮಾರ್ಗ 2017ರಲ್ಲಿ ಬಂದು ಕೂಡಿಕೊಂಡವು. ಆ ನಿಲ್ದಾಣದ ಹೆಸರು ಹೀಗಿದೆ: ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್. ನಡುವಿನ ಆ ಅಲ್ಪವಿರಾಮದ ಮೇಲೆ ಕೇಳುಗರು ಸ್ವಲ್ಪ ಗಮನವಿಡಬೇಕು. ಗೌರವದ ಹೆಸರನ್ನು ಬಿಡದೆ, ಜನರ ಹೆಸರನ್ನು ಅಳಿಸದೆ, ಎರಡನ್ನೂ ಅಕ್ಕಪಕ್ಕದಲ್ಲಿ ಕೂರಿಸಿದ ಅಲ್ಪವಿರಾಮ ಅದು.

ಈ ಹೊತ್ತಿನ ಮಾತು ಕಂಪ್ಯೂಟರಿನ ಬಗ್ಗೆ, ಆದರೆ ಅದರ ತಿರುಳು ಈ ಎರಡು ಹೆಸರುಗಳ ನಡುವೆಯೇ ಇದೆ. ಚಿತ್ರಗಳನ್ನು ಒತ್ತಿ ಕೆಲಸ ಮಾಡಿಸುವ ಪರದೆಯ ಹಿಂದೆ, ಬರೆದು ಅಪ್ಪಣೆ ಕೊಡುವ ಇನ್ನೊಂದು ಪರದೆಯಿದೆ. ಅಲ್ಲಿ ಕುಳಿತು ನಮ್ಮ ಅಪ್ಪಣೆಯನ್ನು ಓದಿಕೊಳ್ಳುವ ತಂತ್ರಾಂಶಕ್ಕೆ ಶೆಲ್ ಎನ್ನುತ್ತಾರೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಬ್ಯಾಂಕು ಆಸ್ಪತ್ರೆಗಳ ಸರ್ವರ್ ಕಾಯುವವರು, ಮನೆಯ ಮೂಲೆಯಲ್ಲಿ ಲಿನಕ್ಸ್ ಕಲಿಯುತ್ತಿರುವವರು ದಿನವೂ ಅದರೊಡನೆ ಮಾತಾಡುತ್ತಾರೆ. ಉದ್ದದ ಅಪ್ಪಣೆಯನ್ನು ಮತ್ತೆ ಮತ್ತೆ ಬೆರಳಚ್ಚಿಸಿ ಬೇಸತ್ತವರು ಅದಕ್ಕೊಂದು ಗಿಡ್ಡ ಹೆಸರು ಇಟ್ಟುಕೊಳ್ಳಬಹುದು. ಆ ಸೌಲಭ್ಯದ ಹೆಸರೇ ಅಲಿಯಾಸ್. ಒಂದೇ ಸಾಲು ಬರೆದರೆ ಸಾಕು: ಈ ಗಿಡ್ಡ ಪದ ಕಂಡರೆ ಆ ಉದ್ದ ಮಾತು ಎಂದು ತಿಳಿ. ಹೆಸರಿಡುವುದು ಇಷ್ಟು ಸುಲಭವಾದ್ದರಿಂದಲೇ ಜನ ಹತ್ತಾರು ಹೆಸರು ಇಟ್ಟುಬಿಡುತ್ತಾರೆ. ಇಟ್ಟ ಹೆಸರನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಪ್ರಶ್ನೆ ಎಷ್ಟೋ ದಿನಗಳ ಮೇಲೆ, ಏನೋ ಕೆಟ್ಟ ನಂತರ ಏಳುತ್ತದೆ.

ಈ ಪ್ರಶ್ನೆಗೆ ಉತ್ತರ ನಮ್ಮ ಹಳೆಯ ಕಾಗದಪತ್ರಗಳಲ್ಲೇ ಇದೆ ಎಂಬುದು ನನ್ನ ವಾದ. ಕ್ರಯಪತ್ರದಲ್ಲಿ, ನ್ಯಾಯಾಲಯದ ಕಾಗದದಲ್ಲಿ ಒಂದು ಪುಟ್ಟ ಪದ ಬರುತ್ತದೆ: ಯಾನೆ. ತಿಮ್ಮಯ್ಯ ಯಾನೆ ತಿಮ್ಮಣ್ಣ. ಉತ್ತರ ಕರ್ನಾಟಕದಲ್ಲಿ ಇದೇ ಉರ್ಫ್, ಪೊಲೀಸರ ಬರಹದಲ್ಲಿ ಅಲಿಯಾಸ್. ಬರಹಗಾರ ತಿಮ್ಮಣ್ಣ ಎಂದಷ್ಟೇ ಬರೆದು ಸುಮ್ಮನಾಗುವುದಿಲ್ಲ, ಊರವರೆಲ್ಲ ಹಾಗೇ ಕರೆದರೂ ಸುಮ್ಮನಾಗುವುದಿಲ್ಲ. ನಾಳೆ ಆ ಕಾಗದ ಓದುವವನು ಆ ಊರಿನವನಲ್ಲ ಎಂಬ ಎಚ್ಚರ ಅವನಿಗಿದೆ. ಗಿಡ್ಡ ಹೆಸರಿನಿಂದ ಪೂರ್ತಿ ಹೆಸರಿಗೆ ಹೋಗುವ ದಾರಿ ಎಲ್ಲರಿಗೂ ತೆರೆದಿರಬೇಕು. ಅಡ್ಡಹೆಸರು ನಿಜ ಹೆಸರಿನ ಪಕ್ಕದಲ್ಲಿ ನಿಲ್ಲಬೇಕು, ಅದರ ಜಾಗದಲ್ಲಿ ಕೂರಬಾರದು. ಶೆಲ್ಲಿನಲ್ಲಿ ಅಲಿಯಾಸ್ ಇಟ್ಟುಕೊಳ್ಳುವವರಿಗೂ ಇದಕ್ಕಿಂತ ಬೇರೆ ನಿಯಮ ಬೇಕಿಲ್ಲ. ಆದರೆ ಇದನ್ನು ಒಪ್ಪಬೇಕಾದರೆ ಆ ಯಂತ್ರದೊಳಗೆ ಅಲಿಯಾಸ್ ಹೇಗೆ ನಡೆಯುತ್ತದೆ ಎಂಬುದನ್ನು ನೋಡಬೇಕು.

ಯುನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹುಟ್ಟಿದ ಕಾಲದಲ್ಲಿ ಅಪ್ಪಣೆ ಬರೆಯುತ್ತಿದ್ದದ್ದು ಟೆಲಿಟೈಪ್ ಯಂತ್ರದ ಮೇಲೆ. ಮಾದರಿ 33 ಎಂಬ ಹೆಸರುವಾಸಿ ಯಂತ್ರ ಸೆಕೆಂಡಿಗೆ 10 ಅಕ್ಷರ ಮಾತ್ರ ಅಚ್ಚು ಹಾಕುತ್ತಿತ್ತು, ಕೀಲಿಗಳೋ ಗಟ್ಟಿ. ಆಗಿನ ಅಪ್ಪಣೆಗಳಲ್ಲಿ ಹಲವು ಎರಡು ಮೂರು ಅಕ್ಷರದವು: ಪಟ್ಟಿ ತೋರಿಸಲು ಎಲ್-ಎಸ್, ನಕಲಿಗೆ ಸಿ-ಪಿ, ಅಳಿಸಲು ಆರ್-ಎಂ. ಕಾಲ ಕಳೆದಂತೆ ಈ ಗಿಡ್ಡ ಪದಗಳ ಬೆನ್ನಿಗೆ ಉದ್ದುದ್ದ ಷರತ್ತುಗಳು ಬೆಳೆದವು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಬಿಲ್ ಜಾಯ್ 1970ರ ದಶಕದ ಕೊನೆಯಲ್ಲಿ ಬರೆದ ಸಿ ಶೆಲ್ ಅಲಿಯಾಸಿಗೆ ಜಾಗ ಕೊಟ್ಟಿತು. 1979ರಲ್ಲಿ ಯುನಿಕ್ಸಿನ ಏಳನೇ ಆವೃತ್ತಿಯೊಡನೆ ಬಂದ ಬೋರ್ನ್ ಶೆಲ್ಲಿನಲ್ಲಿ ಅದಿರಲಿಲ್ಲ. ಆಮೇಲೆ ಕಾರ್ನ್ ಶೆಲ್ ಅದನ್ನು ಎತ್ತಿಕೊಂಡಿತು. 1989ರಲ್ಲಿ ಬ್ರಯನ್ ಫಾಕ್ಸ್ ಬರೆದ, ಇಂದು ಲೋಕವೆಲ್ಲ ಬಳಸುವ ಬ್ಯಾಶ್ ಕೂಡ. ಇಲ್ಲೆಲ್ಲ ಅಲಿಯಾಸ್ ಅಂದರೆ ಪದಕ್ಕೆ ಪ್ರತಿಯಾಗಿ ಪಠ್ಯ, ಅಷ್ಟೇ. ಶೆಲ್ ಸಾಲನ್ನು ಓದುವಾಗ ಅಪ್ಪಣೆಯ ಮೊದಲ ಪದವನ್ನಷ್ಟೇ ನೋಡಿ, ಅದು ಅಲಿಯಾಸಾಗಿದ್ದರೆ ಅಲ್ಲಿ ಪೂರ್ತಿ ಮಾತನ್ನು ತುಂಬುತ್ತದೆ. ಎರಡನೆಯ ಪದವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮುಖ್ಯವಾಗಿ, ಮನುಷ್ಯ ಎದುರಿಗೆ ಕುಳಿತು ಬರೆಯುವಾಗ ಮಾತ್ರ ಬ್ಯಾಶ್ ಈ ಕೆಲಸ ಮಾಡುತ್ತದೆ. ಕಡತದಲ್ಲಿ ಬರೆದಿಟ್ಟ ಸ್ಕ್ರಿಪ್ಟನ್ನು ಓಡಿಸುವಾಗ ಬೇರೆಯಾಗಿ ಹೇಳದ ಹೊರತು ಅಲಿಯಾಸಿನ ಗೊಡವೆಗೇ ಹೋಗುವುದಿಲ್ಲ. ಅಂದರೆ ಆಡುಮಾತಿಗೆ ಅಡ್ಡಹೆಸರು, ಕಾಗದಕ್ಕೆ ಪೂರ್ತಿ ಹೆಸರು ಎಂಬ ಭೇದ ಆ ತಂತ್ರಾಂಶದ ಕಟ್ಟಡದಲ್ಲೇ ಇದೆ. ಈ ಭೇದವನ್ನು ಮರೆತಾಗಲೇ ತೊಂದರೆ ಹುಟ್ಟುವುದು.

ಅತಿ ಹೆಚ್ಚು ಜನ ಮಾಡುವ, ಒಳ್ಳೆಯ ಉದ್ದೇಶದಿಂದಲೇ ಮಾಡುವ ತಪ್ಪೊಂದಿದೆ. ಆರ್-ಎಂ ಅಪ್ಪಣೆ ಕಡತವನ್ನು ಸಾಮಾನ್ಯವಾಗಿ ಕೇಳದೆ ಅಳಿಸಿಬಿಡುತ್ತದೆ. ಕಸದ ಬುಟ್ಟಿಯೂ ಇಲ್ಲ, ವಾಪಸು ಪಡೆಯುವ ಸುಲಭದ ದಾರಿಯೂ ಇಲ್ಲ. ಅದಕ್ಕೆ ಐ ಎಂಬ ಷರತ್ತು ಸೇರಿಸಿದರೆ ಪ್ರತಿಯೊಂದನ್ನೂ ಅಳಿಸುವ ಮುನ್ನ 'ಅಳಿಸಲೇ' ಎಂದು ಕೇಳುತ್ತದೆ. ಹಾಗಾದರೆ ಆರ್-ಎಂ ಎಂಬ ಹೆಸರನ್ನೇ ಆ ಕೇಳುವ ರೂಪಕ್ಕೆ ಅಲಿಯಾಸ್ ಮಾಡಿಬಿಡೋಣ ಎನ್ನುತ್ತಾರೆ. ರೆಡ್ ಹ್ಯಾಟ್ ಕುಟುಂಬದ ಲಿನಕ್ಸುಗಳಲ್ಲಿ ಯಂತ್ರದ ಯಜಮಾನನ ಖಾತೆಗೆ ಈ ಸಾಲು ತಾನಾಗಿಯೇ ಬರುತ್ತಿತ್ತು, ನಕಲು ಮತ್ತು ಸ್ಥಳಾಂತರದ ಅಪ್ಪಣೆಗಳಿಗೂ ಇಂಥದೇ ಸಾಲುಗಳ ಜೊತೆಗೆ. ಇದರಲ್ಲಿ ತಪ್ಪೇನು, ಜಾಗ್ರತೆ ಒಳ್ಳೆಯದಲ್ಲವೇ ಎಂಬುದು ಮೊದಲ ಆಕ್ಷೇಪ, ತೂಕವುಳ್ಳ ಆಕ್ಷೇಪ ಕೂಡ. ಉತ್ತರ ಬೆರಳುಗಳಲ್ಲಿದೆ. ಒಂದು ವರ್ಷ ಹೀಗೆ ನಡೆದರೆ 'ಆರ್-ಎಂ ಅಂದರೆ ಕೇಳುತ್ತದೆ' ಎಂದು ಬೆರಳು ಕಲಿತುಬಿಡುತ್ತದೆ. ಆಮೇಲೆ ಅದೇ ಬೆರಳು ಅಲಿಯಾಸ್ ಇಲ್ಲದ ಇನ್ನೊಂದು ಯಂತ್ರದ ಮುಂದೆ ಕೂರುತ್ತದೆ. ಅಲ್ಲಿ ಅದೇ ಎರಡು ಅಕ್ಷರ ಯಾವ ಪ್ರಶ್ನೆಯನ್ನೂ ಕೇಳದು. ಬೇರೆ ಯಂತ್ರದವರೆಗೂ ಹೋಗಬೇಕಿಲ್ಲ. ಸಾಮಾನ್ಯ ಖಾತೆಯಿಂದ ಯಜಮಾನನ ಅಧಿಕಾರ ಪಡೆಯಲು ಸುಡೊ ಎಂಬ ಪದವನ್ನು ಮುಂದೆ ಹಚ್ಚುತ್ತಾರೆ. ಆಗ ಆರ್-ಎಂ ಎರಡನೆಯ ಪದವಾಗುತ್ತದೆ. ಶೆಲ್ ಎರಡನೆಯ ಪದವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲವೆಂದು ಆಗಲೇ ಹೇಳಿದೆ. ರಕ್ಷಣೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಗಳಿಗೆಯಲ್ಲಿ ಈ ಅಲಿಯಾಸ್ ಜೊತೆಗಿರುವುದಿಲ್ಲ. ಮೇಲಾಗಿ, ಪ್ರಶ್ನೆಗಳಿಗೆ ಉತ್ತರಿಸಿ ದಣಿದವರು ಬಲವಂತದ ಎಫ್ ಷರತ್ತನ್ನು ರೂಢಿ ಮಾಡಿಕೊಳ್ಳುತ್ತಾರೆ. ಅದು ಕೊನೆಯಲ್ಲಿ ಬಂದರೆ ಮೊದಲಿನ ಐ ಷರತ್ತನ್ನು ರದ್ದು ಮಾಡಿಬಿಡುತ್ತದೆ.

ಇದೇ ರಕ್ಷಣೆಯನ್ನು ಬೇರೊಂದು ಹೊಸ ಹೆಸರಿನಲ್ಲಿ ಇಟ್ಟುಕೊಂಡಿದ್ದರೆ? ಆರ್-ಎಂ ಅನ್ನು ಹಾಗೇ ಬಿಟ್ಟು, ಕೇಳಿ ಅಳಿಸುವ ರೂಪಕ್ಕೆ 'ಅಳಿಸು' ಎಂದು ಹೆಸರಿಟ್ಟರೆ, ಬೆರಳು ಆ ಹೆಸರನ್ನು ಕಲಿಯುತ್ತದೆ. ಪರ ಯಂತ್ರದಲ್ಲಿ ಅದೇ ಪದ ಒತ್ತಿದಾಗ, ಅಂಥ ಅಪ್ಪಣೆ ಇಲ್ಲ ಎಂಬ ಉತ್ತರ ಬರುತ್ತದೆ. ಕಡತ ಉಳಿಯಿತು, ಕೂತವನಿಗೆ ಎಚ್ಚರವೂ ಆಯಿತು. ಹುಬ್ಬಳ್ಳಿಯಲ್ಲಿ ನಿಂತು 'ಮೆಜೆಸ್ಟಿಕ್‌ಗೆ ಬಿಡಿ' ಎಂದರೆ ಆಟೊದವರು 'ಅದೆಲ್ಲಿದೆ' ಎಂದು ಕೇಳಿಯಾರು. ನಷ್ಟ ಒಂದು ನಿಮಿಷದ್ದು. ಅದರ ಬದಲು ಯಾರಾದರೂ ತಮ್ಮ ಮನೆಯಲ್ಲಿ ಮೆಜೆಸ್ಟಿಕ್ಕನ್ನೇ ಯಶವಂತಪುರ ಎಂದು ಕರೆಯುವ ರೂಢಿ ಮಾಡಿ ಮಕ್ಕಳನ್ನು ಬೆಳೆಸಿದರೆ, ಆ ಮಕ್ಕಳು ಒಂದು ದಿನ ನಿಜವಾದ ಯಶವಂತಪುರದಲ್ಲಿ ಇಳಿದು ರೈಲು ತಪ್ಪಿಸಿಕೊಳ್ಳುತ್ತಾರೆ. ಇಲ್ಲದ ಹೆಸರು ಸೋತರೆ ಸದ್ದು ಮಾಡುತ್ತದೆ. ಇನ್ನೊಂದರ ಹೆಸರನ್ನು ಹೊದ್ದುಕೊಂಡದ್ದು ಸದ್ದಿಲ್ಲದೆ ಬೇರೆ ಕೆಲಸ ಮಾಡಿಬಿಡುತ್ತದೆ.

ಇದು ಒಬ್ಬಿಬ್ಬರ ಅಜಾಗರೂಕತೆಯ ಮಾತಲ್ಲ, ದೊಡ್ಡ ಸಂಸ್ಥೆಗಳ ಕೆಲಸದಲ್ಲೂ ಇದು ನಡೆದಿದೆ. ಮೈಕ್ರೊಸಾಫ್ಟಿನ ಪವರ್‌ಶೆಲ್ಲಿನಲ್ಲಿ ಜಾಲದಿಂದ ಪುಟ ತರಿಸುವ ಒಂದು ಅಪ್ಪಣೆಗೆ ಕರ್ಲ್, ಡಬ್ಲ್ಯು-ಗೆಟ್ ಎಂಬ ಅಲಿಯಾಸ್‌ಗಳನ್ನು ಇಟ್ಟಿದ್ದರು. ಯುನಿಕ್ಸಿನಿಂದ ಬಂದವರಿಗೆ ಪರಿಚಿತ ಹೆಸರು ಸಿಗಲಿ ಎಂಬ ಸದುದ್ದೇಶ. ಆದರೆ ಕರ್ಲ್ ಎಂಬುದು ತನ್ನದೇ ಷರತ್ತುಗಳಿರುವ ನಿಜವಾದ ಬೇರೊಂದು ತಂತ್ರಾಂಶ. ಹೆಸರು ಅದರದು, ವರ್ತನೆ ಇನ್ನೊಂದರದು. ಕರ್ಲ್‌ನ ಷರತ್ತುಗಳನ್ನು ಕೊಟ್ಟವರಿಗೆ ಅರ್ಥವಾಗದ ದೋಷಸೂಚನೆಗಳು ಸಿಗುತ್ತಿದ್ದವು. ಮುಂದೆ ವಿಂಡೋಸ್ 10ರ ಜೊತೆಗೆ ನಿಜವಾದ ಕರ್ಲ್ ಬಂದಾಗಲೂ ಹಳೆಯ ಪವರ್‌ಶೆಲ್ಲಿನಲ್ಲಿ ಅಲಿಯಾಸೇ ಮುಂದೆ ನಿಂತು ಅದನ್ನು ಮರೆ ಮಾಡಿತು. ಮೂಲವನ್ನು ಕರೆಯಲು ಹೆಸರಿನ ಕೊನೆಗೆ ಇಎಕ್ಸ್‌ಇ ಎಂಬ ಬಾಲ ಹಚ್ಚಬೇಕಾಯಿತು. ಪವರ್‌ಶೆಲ್ಲಿನ 6ನೇ ಆವೃತ್ತಿಯಲ್ಲಿ ಆ ಅಲಿಯಾಸ್‌ಗಳನ್ನು ತೆಗೆದುಹಾಕಿದರು. ಆ ತೀರ್ಮಾನ ಸರಿಯಾದದ್ದು. ಅದಕ್ಕೆ ವರ್ಷಗಳು ಹಿಡಿದವು ಎಂಬುದನ್ನೂ ನೆನಪಿಡಬೇಕು. ಹರಡಿಹೋದ ಹೆಸರನ್ನು ಹಿಂದಕ್ಕೆ ಕರೆಯುವುದು ಹೆಸರಿಟ್ಟಷ್ಟು ಸುಲಭವಲ್ಲ.

ಇಲ್ಲಿ ಒಂದು ರಿಯಾಯಿತಿ ಕೊಡಲೇಬೇಕು. ಉಬುಂಟು ಲಿನಕ್ಸಿನಲ್ಲಿ ಎಲ್-ಎಸ್ ಎಂಬ ಹೆಸರೇ ಬಣ್ಣ ಹಚ್ಚಿ ತೋರಿಸುವ ಎಲ್-ಎಸ್‌ಗೆ ಅಲಿಯಾಸ್. ಇದೂ ನಿಜ ಹೆಸರಿನ ಮೇಲೆ ಹೊದಿಸಿದ್ದೇ. ಆದರೂ ಅದರಿಂದ ಹಾನಿಯಿಲ್ಲ, ಏಕೆಂದರೆ ಅದು ನೋಟವನ್ನಷ್ಟೇ ಬದಲಿಸುತ್ತದೆ, ಕೆಲಸವನ್ನಲ್ಲ. ಪಟ್ಟಿ ಪರದೆಗೆ ಹೋಗದೆ ಇನ್ನೊಂದು ತಂತ್ರಾಂಶಕ್ಕೆ ಹೋಗುವುದಾದರೆ ಆ ಬಣ್ಣವೂ ತಾನೇ ಹಿಂದೆ ಸರಿಯುತ್ತದೆ. ನಿಯಮದ ಅಂಚು ಅಲ್ಲಿದೆ. ಅದೇ ಉಬುಂಟುವಿನಲ್ಲಿ ಎಲ್-ಎಲ್ ಎಂದರೆ ಅಡಗಿಸಿಟ್ಟ ಕಡತಗಳೂ ಕಾಣುತ್ತವೆ, ರೆಡ್ ಹ್ಯಾಟ್‌ನಲ್ಲಿ ಅದೇ ಎರಡಕ್ಷರಕ್ಕೆ ಅವು ಕಾಣುವುದಿಲ್ಲ. ಯಾರಿಗಾದರೂ ಫೋನಿನಲ್ಲಿ 'ಎಲ್-ಎಲ್ ಒತ್ತಿ, ಏನು ಬಂತು ಹೇಳಿ' ಎಂದು ಕೇಳುವ ಮುನ್ನ ಇದು ಗೊತ್ತಿರಬೇಕು.

ನನ್ನ ಯಂತ್ರ, ನನ್ನ ಹೆಸರು, ಬೇರೆಯವರಿಗೇನು ಎಂಬ ಆಕ್ಷೇಪವೂ ಇದೆ. ಒಬ್ಬರೇ ಬಳಸುವ ಯಂತ್ರ ಎಂಬುದು ನಾವು ಭಾವಿಸುವಷ್ಟು ಒಬ್ಬರದಲ್ಲ. ಅಪ್ಪಣೆಗಳ ಚರಿತ್ರೆಯನ್ನು ಶೆಲ್ ಬರೆದಿಡುತ್ತದೆ. ಬರೆದಿಡುವುದು ನಾವು ಒತ್ತಿದ ಗಿಡ್ಡ ಹೆಸರನ್ನು, ಅದರ ಅರ್ಥವನ್ನಲ್ಲ. ಅಲಿಯಾಸಿನ ಅರ್ಥ ಬದಲಾಯಿಸಿದರೆ ಆರು ತಿಂಗಳ ಹಿಂದಿನ ಚರಿತ್ರೆ ಆವತ್ತು ನಡೆದದ್ದನ್ನು ಹೇಳುವುದಿಲ್ಲ. ಆರು ತಿಂಗಳ ಮೇಲೆ ಅದನ್ನು ಓದುವ ನಾವೇ ಹೊರಗಿನವರು. ಕಚೇರಿಯಲ್ಲಿ ಕೆಲಸ ಬಿಟ್ಟುಹೋದವರ ಟಿಪ್ಪಣಿಯಲ್ಲಿ ಅವರಿಗಷ್ಟೇ ಗೊತ್ತಿದ್ದ ಗಿಡ್ಡ ಹೆಸರುಗಳು ಉಳಿದರೆ, ಅದು ಯಾನೆ ಇಲ್ಲದ ಕ್ರಯಪತ್ರ.

ಇನ್ನು ಕೆಲವರು ಎದುರು ತುದಿಗೆ ಹೋಗುತ್ತಾರೆ: ಹಾಗಾದರೆ ಪೂರ್ತಿ ಹೆಸರನ್ನೇ ಬಳಸೋಣ, ಅಡ್ಡಹೆಸರೇ ಬೇಡ. ಮೆಜೆಸ್ಟಿಕ್ ಇದಕ್ಕೂ ಉತ್ತರ ಕೊಡುತ್ತದೆ. ಬಸ್ ನಿಲ್ದಾಣ ಕೆಂಪೇಗೌಡರದು, ಮೆಟ್ರೊ ನಿಲ್ದಾಣ ಕೆಂಪೇಗೌಡರದು, ಹತ್ತಿರದ ರಸ್ತೆ ಕೆಂಪೇಗೌಡ ರಸ್ತೆ, ದೇವನಹಳ್ಳಿ ಬಳಿಯ ವಿಮಾನ ನಿಲ್ದಾಣವೂ ಕೆಂಪೇಗೌಡರದೇ. ನಗರ ಕಟ್ಟಿದವರ ಹೆಸರು ನಗರದ ಬಾಗಿಲುಗಳಿಗೆಲ್ಲ ಇರುವುದು ಉಚಿತವೇ. ಆದರೆ ಅವಸರದಲ್ಲಿ 'ಕೆಂಪೇಗೌಡ ನಿಲ್ದಾಣ' ಎಂದರೆ ಯಾವುದು? ಮೆಜೆಸ್ಟಿಕ್ ಎಂದಾಗ ಈ ಸಂದೇಹವಿಲ್ಲ. ಅಡ್ಡಹೆಸರು ಗಿಡ್ಡವಾಗಿರುವುದರಿಂದಷ್ಟೇ ಅಲ್ಲ, ಖಚಿತವಾಗಿರುವುದರಿಂದಲೂ ಬದುಕುತ್ತದೆ. ಸ್ವಂತ ಕೆಲಸದ ಹತ್ತು ಷರತ್ತುಗಳ ಅಪ್ಪಣೆಗೆ ಅರ್ಥವುಳ್ಳ ಹೆಸರಿಟ್ಟರೆ, ಆ ಹೆಸರು ಮೂಲಕ್ಕಿಂತ ಹೆಚ್ಚು ಹೇಳಬಲ್ಲದು, ಕೈತಪ್ಪನ್ನೂ ತಡೆಯಬಲ್ಲದು.

ಹೆಸರುಗಳ ನಿರ್ವಹಣೆ ಹೇಗಿರಬೇಕು ಎಂಬುದಕ್ಕೆ ಸಂಚಾರ ವ್ಯವಸ್ಥೆಯೇ ಎರಡು ಪಾಠ ಕೊಟ್ಟಿದೆ. ಸಿಟಿ ರೈಲು ನಿಲ್ದಾಣದ ಹೆಸರು ಬದಲಾದರೂ ರೈಲ್ವೆಯ ಸಂಕೇತ ಎಸ್-ಬಿ-ಸಿ ಬದಲಾಗಲಿಲ್ಲ. ಟಿಕೆಟ್ ಕೊಡುವ ಯಂತ್ರಗಳು ಆ ಮೂರಕ್ಷರವನ್ನು ನಂಬಿವೆ. ವಿಮಾನಯಾನದ ಸಂಕೇತ ಬಿ-ಎಲ್-ಆರ್ ನಡೆದುಕೊಂಡದ್ದು ಬೇರೆ ರೀತಿ. 2008ರ ಮೇ ತಿಂಗಳವರೆಗೆ ಅದು ಎಚ್‌ಎಎಲ್ ವಿಮಾನ ನಿಲ್ದಾಣವನ್ನು ಸೂಚಿಸುತ್ತಿತ್ತು, ಆಮೇಲೆ ದೇವನಹಳ್ಳಿಯದನ್ನು. ಅದೇ ಹೆಸರು, ಹತ್ತಾರು ಕಿಲೊಮೀಟರ್ ದೂರದ ಬೇರೆ ಜಾಗ. ಅನಾಹುತವಾಗದೆ ಇದು ನಡೆದದ್ದು ಎಲ್ಲರೂ ನೋಡುವ ಒಂದೇ ಪಟ್ಟಿ, ಎಲ್ಲರಿಗೂ ತಿಳಿಸಿದ ಒಂದು ದಿನಾಂಕ ಇದ್ದುದರಿಂದ. ಶೆಲ್ಲಿನಲ್ಲೂ ಅಲಿಯಾಸ್‌ಗಳು ಒಂದೇ ಕಡತದಲ್ಲಿರಬೇಕು. ಉಬುಂಟು ಇದಕ್ಕಾಗಿಯೇ ಬ್ಯಾಶ್-ಅಲಿಯಾಸಸ್ ಎಂಬ ಪ್ರತ್ಯೇಕ ಕಡತವನ್ನು ಓದುವ ಏರ್ಪಾಟು ಮಾಡಿದೆ. ಅದನ್ನು ಗಿಟ್‌ನಂಥ ದಾಖಲೆ ವ್ಯವಸ್ಥೆಯಲ್ಲಿ ಇಟ್ಟರೆ ಯಾವ ಹೆಸರಿನ ಅರ್ಥ ಯಾವಾಗ ಬದಲಾಯಿತೆಂದು ತಿಳಿಯುತ್ತದೆ. ಬಳಸದ ಹೆಸರನ್ನು ಅಲ್ಲಿಂದಲೇ ತೆಗೆಯಬಹುದು. ಯಾವುದೋ ಹೆಸರಿನ ಬಗ್ಗೆ ಅನುಮಾನ ಬಂದರೆ ಟೈಪ್ ಎಂಬ ಅಪ್ಪಣೆಯನ್ನು ಅದರ ಮುಂದೆ ಬರೆದು ಕೇಳಿ. ಇದು ಅಲಿಯಾಸೋ, ನಿಜವಾದ ತಂತ್ರಾಂಶವೋ ಎಂದು ಶೆಲ್ಲೇ ಹೇಳುತ್ತದೆ. ಹೊಸ ಹೆಸರಿಡುವ ಮುನ್ನವೂ ಇದೇ ಪ್ರಶ್ನೆ ಕೇಳಿದರೆ, ಇರುವ ಹೆಸರಿನ ಮೇಲೆ ಹೊದಿಸುವ ತಪ್ಪಿಗೆ ಅವಕಾಶವೇ ಇಲ್ಲ.

ಕೆಲವು ಹೆಸರುಗಳಿಗೆ ಬಡ್ತಿ ಕೊಡಬೇಕಾಗುತ್ತದೆ. ಅಲಿಯಾಸ್ ಬರಿಯ ಪದಬದಲಾವಣೆ. ಬ್ಯಾಶ್‌ನಲ್ಲಿ ನಡುವೆ ಆಯಾ ಹೊತ್ತಿಗೆ ಕೊಡುವ ಕಡತದ ಹೆಸರನ್ನು ತೂರಿಸಬೇಕಾದರೆ ಅದರಿಂದಾಗದು, ಫಂಕ್ಷನ್ ಬರೆಯಬೇಕು. ಹೆಚ್ಚುಕಡಿಮೆ ಎಲ್ಲ ಕೆಲಸಕ್ಕೂ ಫಂಕ್ಷನ್ನೇ ಮೇಲು ಎಂದು ಬ್ಯಾಶ್‌ನ ಕೈಪಿಡಿಯೇ ಸಲಹೆ ಕೊಡುತ್ತದೆ. ಇಡೀ ತಂಡ ಬಳಸುವಂತಾದರೆ ಅದನ್ನು ಸ್ಕ್ರಿಪ್ಟ್ ಮಾಡಿ ಎಲ್ಲರಿಗೂ ಸಿಗುವ ಜಾಗದಲ್ಲಿಡಬೇಕು. ನೀವು ಕೇಳುತ್ತಿರುವ ಈ ಬಾನುಲಿಯ ಹೆಸರಿಗೂ ಇಂಥದೇ ಬಡ್ತಿ ಸಿಕ್ಕಿತು. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಪುಟ್ಟ ಪ್ರಸಾರ ಕೇಂದ್ರದ ಹೆಸರು ಆಕಾಶವಾಣಿ. ಬಹುಕಾಲ ಅದು ಆಲ್ ಇಂಡಿಯಾ ರೇಡಿಯೊ ಎಂಬ ಹೆಸರಿನ ಜೊತೆಜೊತೆಗೆ ನಡೆದು, ಇಂದು ದೇಶದ ಪ್ರಸಾರ ಸಂಸ್ಥೆಯ ಹೆಸರೇ ಆಗಿದೆ.

ಈಗಿನ ಶೆಲ್‌ಗಳು ಅರ್ಧ ಬರೆದದ್ದನ್ನು ತಾವೇ ಪೂರ್ತಿ ಮಾಡುತ್ತವೆ, ಹಳೆಯ ಅಪ್ಪಣೆಯನ್ನು ಹುಡುಕಿ ಕೊಡುತ್ತವೆ, ಇನ್ನು ಅಲಿಯಾಸ್ ಏಕೆ ಎಂದು ಕೇಳುವವರಿಗೆ ಫಿಶ್ ಎಂಬ ಶೆಲ್ಲನ್ನು ತೋರಿಸುತ್ತೇನೆ. ಅದರಲ್ಲಿ ಸಂಕ್ಷೇಪ ಎಂಬ ಸೌಲಭ್ಯವಿದೆ. ಗಿಡ್ಡ ಪದ ಬರೆದು ಸ್ಪೇಸ್ ಒತ್ತಿದೊಡನೆ ಪೂರ್ತಿ ಅಪ್ಪಣೆ ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ. ಓಡಿಸುವ ಮುನ್ನ ಓದಿಕೊಳ್ಳಬಹುದು, ತಿದ್ದಬಹುದು; ಚರಿತ್ರೆಗೂ ಪೂರ್ತಿ ಮಾತೇ ಸೇರುತ್ತದೆ. ಬೆರಳಿಗೆ ಮೆಜೆಸ್ಟಿಕ್, ಕಣ್ಣಿಗೆ ಕೆಂಪೇಗೌಡ ಬಸ್ ನಿಲ್ದಾಣ. ಈ ವಿಷಯದಲ್ಲಿ ಇದುವರೆಗೆ ಬಂದಿರುವ ಪರಿಹಾರಗಳಲ್ಲಿ ಇದೇ ಅತ್ಯುತ್ತಮ ಎಂದು ನನಗನ್ನಿಸುತ್ತದೆ.

ಕನ್ನಡಿಗರಿಗೆ ಮಾತ್ರ ಸಂಬಂಧಿಸಿದ ಒಂದು ಮಾತು ಉಳಿದಿದೆ. ಎಲ್-ಎಸ್, ಸಿ-ಪಿ ಎಂಬುವು ಇಂಗ್ಲಿಷ್ ಪದಗಳ ಎಲುಬುಗಳು. ಆ ಭಾಷೆಯಲ್ಲಿ ಬೆಳೆಯದ ಮಗುವಿಗೆ ಅವು ಬರಿಯ ಸದ್ದು. ಬ್ಯಾಶ್‌ನಲ್ಲಿ ಅಲಿಯಾಸಿನ ಹೆಸರು ಕನ್ನಡ ಲಿಪಿಯಲ್ಲೇ ಇರಬಹುದು. ಪಟ್ಟಿ, ಹುಡುಕು, ಅಳಿಸು ಎಂದು ಹೆಸರಿಟ್ಟು ಶಾಲೆಯಲ್ಲಿ ಕಲಿಸಬಹುದು, ಕಲಿಸಬೇಕು ಕೂಡ. ಹಾಗೆ ಮಾಡಿದರೆ ಮಕ್ಕಳಿಗೆ ಮೂಲ ಹೆಸರು ಬಾರದೆ ಹೋದೀತೆಂಬ ಭಯ ಕೆಲವರಿಗಿದೆ. ಯಾನೆ ಇದ್ದರೆ ಆ ಭಯವಿಲ್ಲ. ಕಲಿಸುವ ಹಾಳೆಯಲ್ಲಿ ಎರಡನ್ನೂ ಜೊತೆಗೆ ಬರೆದರಾಯಿತು. ನಿಜವಾದ ತೊಡಕು ಅಕ್ಷರಗಳೊಳಗಿದೆ. ಕೊ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ತುಂಡುಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬೈಟುಗಳನ್ನು ಹೋಲಿಸುವ ಶೆಲ್ಲಿಗೆ ಎರಡು ಬೇರೆ ಪದ. ಒತ್ತಕ್ಷರವಾಗದಂತೆ ತಡೆಯಲು ನಡುವೆ ಹಾಕುವ ಕಾಣದ ಅಕ್ಷರವೊಂದಿದೆ. ಸಾಫ್ಟ್‌ವೇರ್ ಎಂದು ಬರೆಯುವಾಗ ಅದು ಬೇಕು. ಅದು ಪದದ ಕೊನೆಯಲ್ಲಿ ಉಳಿದುಬಿಟ್ಟರೂ ಪರದೆಯಲ್ಲಿ ಗುರುತೇ ಸಿಗದು. ಹಾಗಾಗಿ ಹೆಸರಿಗೆ ಇಂಥ ತೊಡಕಿಲ್ಲದ ಪದಗಳನ್ನು ಆರಿಸಿಕೊಳ್ಳಬೇಕು. ಮೇಲೆ ಹೇಳಿದ ಮೂರೂ ಅಂಥವು. ಕಡತದ ವಿವರಣೆಯ ಸಾಲುಗಳಿಗೆ ಈ ಕಟ್ಟಿಲ್ಲ. ಹ್ಯಾಶ್ ಗುರುತು ಹಾಕಿ ಮುಂದೆ ಏನು ಬರೆದರೂ ಶೆಲ್ ಅದನ್ನು ಓದದೆ ದಾಟುತ್ತದೆ. ಅಲಿಯಾಸ್ ಕಡತದಲ್ಲಿ 'ಅಳಿಸು' ಎಂಬ ಹೆಸರಿನ ಮೇಲಿನ ಸಾಲಿನಲ್ಲಿ, ಈ ಹೆಸರು ಯಾವ ಅಪ್ಪಣೆಯದು, ಯಾವ ತಿಂಗಳು ಯಾಕೆ ಇಟ್ಟದ್ದು, ಆರ್-ಎಂ ಅನ್ನು ಯಾಕೆ ಮುಟ್ಟಲಿಲ್ಲ ಎಂದು ಮುಂದೆ ಓದುವವರಿಗೆ ಅಚ್ಚಕನ್ನಡದಲ್ಲಿ ಬರೆದಿಡಬಹುದು.